ಒಂದೇ ಸರಕು, ಎರಡು ದಾರಿ: ಲಾರಿಯೋ ರೈಲೋ?

ಕಾರ್ಖಾನೆಯಿಂದ ಟೈಲ್ಸ್ ಸಾಗಿಸುವ ಹೊಣೆ ನನ್ನದು. ಸುಮಾರು 1,200 ಕಿಲೋಮೀಟರ್ ಆಚೆಯ ಒಂದೇ ಗೋದಾಮಿಗೆ, ಅಷ್ಟೇ ತೂಕದ ಸರಕನ್ನು ಒಮ್ಮೆ ಲಾರಿಯಲ್ಲಿ, ಒಮ್ಮೆ ರೈಲಿನಲ್ಲಿ ಕಳುಹಿಸಿ ಪೈಸೆ ಪೈಸೆ ಲೆಕ್ಕ ಬರೆದಿಟ್ಟೆ. ದರಪಟ್ಟಿಯಷ್ಟನ್ನೇ ನೋಡಿದರೆ ರೈಲಿಗೆ ಎದುರಿಲ್ಲ: ಟರ್ಮಿನಲ್‌ನಿಂದ ಟರ್ಮಿನಲ್‌ಗೆ ಲಾರಿ ಬಾಡಿಗೆಯ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ.

ಆ ಅಗ್ಗದ ಗುಟ್ಟು ಚಕ್ರದಲ್ಲಿದೆ. ಉಕ್ಕಿನ ಹಳಿಯ ಮೇಲೆ ಉರುಳುವ ಉಕ್ಕಿನ ಚಕ್ರಕ್ಕೆ ಎದುರಾಗುವ ತಡೆ, ಡಾಂಬರಿನ ಮೇಲೆ ಟೈರಿಗೆ ಎದುರಾಗುವುದಕ್ಕಿಂತ ಹಲವು ಪಟ್ಟು ಕಡಿಮೆ. ಪ್ರತಿ ಲಾರಿಗೂ ಒಬ್ಬ ಚಾಲಕ ಬೇಕು. ಹತ್ತಾರು ಕಂಟೇನರ್ ಎಳೆಯುವ ಗಾಡಿಗೆ ಒಬ್ಬಿಬ್ಬರು ಸಾಕು. ಆದರೆ ನನ್ನ ಸರಕು ಟರ್ಮಿನಲ್‌ನಲ್ಲಿ ತಯಾರಾಗುವುದಿಲ್ಲ, ಅಲ್ಲಿ ಮಾರಾಟವಾಗುವುದೂ ಇಲ್ಲ.

ಟರ್ಮಿನಲ್‌ವರೆಗೆ ಒಂದು ಲಾರಿ, ಅಲ್ಲಿ ಕ್ರೇನಿನ ಶುಲ್ಕ, ಆಚೆ ತುದಿಯಲ್ಲಿ ಮತ್ತೆ ಕ್ರೇನು, ಮತ್ತೆ ಲಾರಿ. 30 ಕಿಲೋಮೀಟರ್‌ನ ಆ ತುಂಡು ಓಡಾಟಕ್ಕೆ ಲಾರಿಯವರು ಇಡೀ ದಿನದ ಬಾಡಿಗೆ ಕೇಳುತ್ತಾರೆ. ಸರದಿಯಲ್ಲೇ ದಿನ ಮುಗಿಯುವುದರಿಂದ ತಕರಾರು ಎತ್ತಲೂ ಆಗದು. ಎಲ್ಲ ಕೂಡಿದಾಗ ರೈಲಿನ ಉಳಿತಾಯ ಶೇ. 12ಕ್ಕೆ ಇಳಿಯಿತು. ದೂರ ಕಡಿಮೆಯಾದರೆ ಈ ತುದಿಗಳ ಖರ್ಚು ಕಡಿಮೆಯಾಗುವುದಿಲ್ಲ. 400 ಕಿಲೋಮೀಟರ್‌ನ ಗಿರಾಕಿಗೆ ಲೆಕ್ಕ ಹಾಕಿದೆ. ತುದಿಗಳ ಖರ್ಚೇ ಲಾರಿಯ ಪೂರ್ತಿ ಬಾಡಿಗೆಯನ್ನು ಮೀರಿತು.

ತೂಕದಲ್ಲೂ ಒಂದು ಪಾಠವಾಯಿತು. ಇಪ್ಪತ್ತು ಅಡಿಯ ಕಂಟೇನರ್‌ನಲ್ಲಿ ಪೆಟ್ಟಿಗೆಗಳ ಸಾಲು ಸೊಂಟದ ಮಟ್ಟಕ್ಕೆ ಬರುವಷ್ಟರಲ್ಲೇ ತೂಕದ ಮಿತಿ ಮುಟ್ಟಿತು. ಮೇಲೆ ಉಳಿದದ್ದು ಬರೀ ಗಾಳಿ. ಅಂದ ಹಾಗೆ, ರೈಲಿಗೆ ಇಷ್ಟೊಂದು ಸರಕು ತಂದುಕೊಟ್ಟ ಈ ಕಂಟೇನರ್ ಸಾಗಣೆಗೆ 1956ರಲ್ಲಿ ಹಡಗಿನ ಮೂಲಕ ಚಾಲನೆ ಕೊಟ್ಟ ಅಮೆರಿಕದ ಮಾಲ್ಕಮ್ ಮೆಕ್ಲೀನ್ ಲಾರಿ ಉದ್ಯಮದಲ್ಲೇ ಪಳಗಿದವರು.

ಲಾರಿ ಮೂರನೆಯ ಬೆಳಗ್ಗೆ ಗೋದಾಮಿನ ಬಾಗಿಲಲ್ಲಿತ್ತು. ರೈಲಿನ ಸರಕಿಗೆ ಏಳು ದಿನ ಹಿಡಿಯಿತು, ಓಡಿದ್ದು ಒಂದೂವರೆ ದಿನ ಮಾತ್ರ; ಮಿಕ್ಕದ್ದೆಲ್ಲ ಕಾಯುವಿಕೆ. ತಡವಾದರೂ ಸಹಿಸಬಹುದು, ಯಾವ ದಿನ ಬರುತ್ತದೆ ಎಂದು ಹೇಳಲಾಗದಿದ್ದರೆ ಗಿರಾಕಿ ಹೆಚ್ಚುವರಿ ದಾಸ್ತಾನು ಇಟ್ಟುಕೊಳ್ಳಬೇಕಾಗುತ್ತದೆ. ಅದರ ಬಡ್ಡಿ ಯಾವ ದರಪಟ್ಟಿಯಲ್ಲೂ ಇಲ್ಲ.

ಲಾರಿಯ ಬಾಡಿಗೆಯೂ ಪೂರ್ತಿ ಸತ್ಯ ಹೇಳುವುದಿಲ್ಲ. ನಮಗೆ ಸಿಕ್ಕ ದರ ವಾಪಸು ಲೋಡಿನದು: ಹೇಗೂ ಖಾಲಿ ಹೋಗಬೇಕಿದ್ದ ಗಾಡಿ, ಡೀಸೆಲ್ ಖರ್ಚು ಹೊರಟರೆ ಸಾಕೆಂದು ಒಪ್ಪಿಕೊಂಡಿತ್ತು. ರಸ್ತೆಯ ಸವೆತ ಬೇರೆ. 1950ರ ದಶಕದ ಕೊನೆಯಲ್ಲಿ ಇಲಿನಾಯ್‌ನಲ್ಲಿ ನಡೆದ ರಸ್ತೆ ಪರೀಕ್ಷೆಯಿಂದ ಬಂದ ಸ್ಥೂಲ ಸೂತ್ರದ ಪ್ರಕಾರ, ಚಕ್ರಗಳ ಅಚ್ಚಿನ (ಆಕ್ಸಲ್) ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗಾಗುವ ಹಾನಿ 16 ಪಟ್ಟು. ಆ ಬಿಲ್ಲು ನನ್ನ ಮೇಜಿಗೆ ಬರುವುದಿಲ್ಲ.

ಈಗ ತಿಂಗಳ ಕಾಯಂ ಸರಕನ್ನು ರೈಲಿಗೆ ಕೊಡುತ್ತೇನೆ, ಅವಸರದ್ದನ್ನು ಲಾರಿಗೆ. ಮೊದಲ ರೈಲು ಸರಕಿನಲ್ಲಿ ವ್ಯಾಗನ್ ಜೋಡಿಸುವಾಗಿನ ಜಗ್ಗಾಟಕ್ಕೋ ಏನೋ, ಬಾಗಿಲ ಬಳಿಯ 11 ಪೆಟ್ಟಿಗೆ ಒಡೆದಿದ್ದವು. ಅವುಗಳ ಬದಲಿ ಟೈಲ್ಸ್ ಲಾರಿಯಲ್ಲಿ ಹೋಯಿತು.