ಕಿಣ್ವವಿರುವ ಬಟ್ಟೆ ಪುಡಿ: ಹಾಲಿನ ಕಲೆಗೆ ಸರಿ, ಅರಿಶಿನಕ್ಕಲ್ಲ

ಮಲ್ಲೇಶ್ವರದ ಅಂಗಡಿಯೊಂದರಲ್ಲಿ ಕೊಂಡ ಈ ಪುಡಿ, ಮಗುವಿನ ಅಂಗಿಯ ಕೊರಳಪಟ್ಟಿಯಲ್ಲಿ ಒಣಗಿ ಗಟ್ಟಿಯಾಗಿದ್ದ ಹಾಲಿನ ಕಲೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿದ್ದಕ್ಕೇ ಬಿಡಿಸಿತು. ಇದರಲ್ಲಿರುವ ಪ್ರೋಟಿಯೇಸ್ ಎಂಬ, ಪ್ರೋಟೀನನ್ನು ಒಡೆಯುವ ಕಿಣ್ವವು (ಕಿಣ್ವವೆಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಜೈವಿಕ ವಸ್ತು) ಹಾಲಿನ ಪ್ರೋಟೀನ್ ಸರಪಳಿಯನ್ನು ತನ್ನ ಸಕ್ರಿಯ ತಾಣದ, ಅಂದರೆ ಕ್ರಿಯೆ ನಡೆಯುವ ಜಾಗದ, ಸೀಳಿನೊಳಗೆ ಹಿಡಿದು, ಅಲ್ಲಿರುವ ಅಮೈನೋ ಆಮ್ಲ (ಪ್ರೋಟೀನಿನ ಬಿಡಿ ಘಟಕ) ಸೆರೀನ್‌ನ ನೆರವಿನಿಂದ ಸರಪಳಿಯ ಕೊಂಡಿಯಾದ ಪೆಪ್ಟೈಡ್ ಬಂಧವನ್ನು ಕತ್ತರಿಸುತ್ತದೆ. ಹೀಗೆ ಸಕ್ರಿಯಣ ಶಕ್ತಿ, ಅಂದರೆ ಕ್ರಿಯೆ ಶುರುವಾಗಲು ಬೇಕಾದ ಕನಿಷ್ಠ ಶಕ್ತಿ, ತಗ್ಗುವುದರಿಂದ ಕುದಿಯುವ ನೀರು ಬೇಕಿಲ್ಲ, ಬದಲಿಗೆ ಅದು ಕಿಣ್ವದ ರಚನೆಯನ್ನೇ ಕೆಡಿಸುತ್ತದೆ. ತುಂಡುಗಳು ಕಳಚಿಕೊಂಡ ಮೇಲೆ ಅದೇ ಕಿಣ್ವ ಮುಂದಿನ ಸರಪಳಿಗೆ ಸಿದ್ಧವಾಗುತ್ತದೆ, ಆದ್ದರಿಂದ ಅಳತೆ ಮೀರಿ ಸುರಿಯುವುದು ದಂಡ. ಸಾರಿನ ಅರಿಶಿನ ಮಾತ್ರ ಹಾಗೆಯೇ ಉಳಿಯಿತು. ಅದಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಪ್ರೋಟೀನ್ ಅಲ್ಲವಾದ್ದರಿಂದ ಪ್ರೋಟಿಯೇಸ್ ಅದನ್ನು ಕತ್ತರಿಸಲಾರದು. ಮೈಸೂರು ರೇಷ್ಮೆಗಂತೂ ಇದನ್ನು ಸೋಕಿಸಬಾರದು, ಏಕೆಂದರೆ ರೇಷ್ಮೆಯೂ ಪ್ರೋಟೀನೇ; ಆ ಎಚ್ಚರಿಕೆಯನ್ನು ಪೊಟ್ಟಣದ ಹಿಂಬದಿಯಲ್ಲಿ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಅಚ್ಚು ಹಾಕಿದ್ದಾರೆ.