ಶಿರಸಿಯಿಂದ ಜರ್ಮನ್ ಮಾತು: ಆನ್‌ಲೈನ್ ಸಂಭಾಷಣೆ ಕ್ಲಾಸ್ ಹೇಗಿದೆ?

ಶಿರಸಿಯಲ್ಲಿ ಕೂತು ಜರ್ಮನ್ ಮಾತಾಡಬೇಕು ಅಂದರೆ ಯಾರು ಸಿಗುತ್ತಾರೆ? ಅದಕ್ಕೇ ವಿಡಿಯೋ ಕರೆಯಲ್ಲಿ ಶಿಕ್ಷಕರ ಜೊತೆ ಒಬ್ಬೊಬ್ಬರೇ ಮಾತಾಡುವ ಕ್ಲಾಸಿಗೆ ಸೇರಿದೆ. ಇದು ಎರಡನೇ ಮಳೆಗಾಲ. ಎ2, ಅಂದರೆ ಭಾಷೆಯ ಎರಡನೇ ಹಂತ, ಮುಗಿಸಿದವರು ಧೈರ್ಯವಾಗಿ ಸೇರಬಹುದು. ಮೊದಲಿನಿಂದ ಕಲಿಯುವವರಿಗೆ ಮಾತ್ರ ದುಡ್ಡು ದಂಡ.

ಪಾಠದ ಪುಸ್ತಕದಲ್ಲಿ ಯಾವಾಗ ನೋಡಿದರೂ ರೈಲ್ವೆ ಸ್ಟೇಷನ್, ಹೋಟೆಲ್. ನನ್ನ ಶಿಕ್ಷಕಿ ಕೇಳುವುದು ನಮ್ಮ ಮನೆಯ ಸುದ್ದಿ. ಅಡಿಕೆಗೆ ಕೊಳೆರೋಗ ಯಾಕೆ ಬರುತ್ತದೆ, ಮಳೆ ಬಿಟ್ಟ ಹೊತ್ತು ನೋಡಿ ಮೈಲುತುತ್ತ, ಸುಣ್ಣದ ಮದ್ದು ಹೇಗೆ ಹೊಡೆಯುತ್ತೀರಿ, ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯಲ್ಲಿ ಏನೇನಿರುತ್ತದೆ. ಹೇಳಲೇಬೇಕು ಅನ್ನಿಸುವ ವಿಷಯ ಸಿಕ್ಕರೆ ಬಾಯಿ ತಾನಾಗಿ ಬಿಚ್ಚುತ್ತದೆ. ಮಾತಿನ ನಡುವೆ ಅವರು ತಡೆಯುವುದಿಲ್ಲ. ತಪ್ಪುಗಳನ್ನು ಚಾಟ್‌ನಲ್ಲಿ ಬರೆದಿಟ್ಟು ಕೊನೆಗೆ ಹೇಳುತ್ತಾರೆ. ನನಗೆ ಜಾಸ್ತಿ ಹಿಡಿಸಿದ್ದು ಇದೇ. ಶಿಕ್ಷಕರನ್ನು ಆರಿಸುವಾಗ ಇದೊಂದನ್ನು ಮೊದಲೇ ಕೇಳಿಕೊಳ್ಳಿ.

ಜರ್ಮನ್‌ನಲ್ಲಿ 'ವೈಲ್' (ಯಾಕೆಂದರೆ) ಅಂತ ಕಾರಣ ಹೇಳುವಾಗ ಕ್ರಿಯಾಪದ ವಾಕ್ಯದ ಕೊನೆಗೆ ಹೋಗುತ್ತದೆ. ನಮಗೆ ಅದು ಸಲೀಸು, ಕನ್ನಡದಲ್ಲೂ ಕೊನೆಗೇ ಅಲ್ವಾ. ಕಾಡಿದ್ದು ಸಾದಾ ವಾಕ್ಯ. ಅಲ್ಲಿ ಕ್ರಿಯಾಪದ ಎರಡನೇ ಜಾಗದಲ್ಲೇ ಇರಬೇಕು. 'ನಾಳೆ' ಎಂದು ಶುರು ಮಾಡಿದರೆ ಅದರ ಬೆನ್ನಿಗೇ ಕ್ರಿಯಾಪದ, ಆಮೇಲೆ 'ನಾನು'. ಇದು ಮಾತಾಡಿ ಮಾತಾಡಿಯೇ ನಾಲಿಗೆಗೆ ಕೂತಿತು. ನಾಮಪದದ ಲಿಂಗ ತೋರಿಸಲು ಅದರ ಮುಂದೆ ಬರುವ ಡೆರ್, ಡೀ, ಡಾಸ್ ಮಾತ್ರ ಹಾಗೆ ಬರಲಿಲ್ಲ. ಅವನ್ನು ನಾಮಪದದ ಜೊತೆಗೇ ಬಾಯಿಪಾಠ ಮಾಡಬೇಕು.

ಗೋಥೆ ಸಂಸ್ಥೆಯ ಬಿ1 (ಎ2 ಆದ ಮೇಲಿನ ಹಂತ) ಜರ್ಮನ್ ಪರೀಕ್ಷೆ ಕಟ್ಟುವವರಿಗೂ ಇದು ಉಪಯೋಗ. ಮಾತಿನ ಭಾಗ ಸುಮಾರು 15 ನಿಮಿಷ: ಜೊತೆಗಾರರೊಂದಿಗೆ ಸೇರಿ ಏನಾದರೂ ಯೋಜನೆ ಹಾಕಬೇಕು, ಒಂದು ವಿಷಯದ ಬಗ್ಗೆ ಮಾತಾಡಬೇಕು, ಆಮೇಲೆ ಪ್ರಶ್ನೆ-ಉತ್ತರ. 100ಕ್ಕೆ 60 ಬಂದರೆ ಪಾಸ್. ಮೂರನ್ನೂ ಕ್ಲಾಸಿನಲ್ಲೇ ಅಭ್ಯಾಸ ಮಾಡಿಸುತ್ತಾರೆ.

ಜರ್ಮನಿ ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಬದಲಾಗುತ್ತದೆ, ಆ ವಾರ ಕ್ಲಾಸಿನ ಹೊತ್ತು ಕೇಳಿ ಖಾತ್ರಿ ಮಾಡಿಕೊಳ್ಳಿ.

ನನ್ನ ದೊಡ್ಡ ತಕರಾರು ಹಣ ವಾಪಸಿನ ನಿಯಮದ ಮೇಲೆ. ಗಾಳಿಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಹೋದರೆ ನಾವು ಗೈರು ಎಂದೇ ಲೆಕ್ಕ, ಆ ಕ್ಲಾಸಿನ ದುಡ್ಡು ಹೋದಂತೆಯೇ. ಘಟ್ಟದ ಮೇಲೆ ಆಷಾಢದಲ್ಲಿ ಕರೆಂಟು ಹೋಗುವುದು ನಮ್ಮ ತಪ್ಪಾ? ಶಿಕ್ಷಕಿ ಎಷ್ಟೋ ಸಲ ತಾವಾಗಿಯೇ ಬೇರೆ ದಿನ ಕೊಟ್ಟರು, ಕ್ಲಾಸ್ ನಡೆಸುವ ಕಂಪನಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಅದಕ್ಕೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಲವು ಕ್ಲಾಸ್ ಒಟ್ಟಿಗೆ ಕೊಳ್ಳುವ ಪ್ಯಾಕೇಜ್ ಬೇಡ. ಅಗ್ಗ ಕಂಡರೂ ಬಿಡಿ, ಒಂದೊಂದೇ ಕ್ಲಾಸ್ ಬುಕ್ ಮಾಡಿ.