ಸೈಕಲ್ ಚೈನ್‌ಗೆ ಯಾವುದು: ವೆಟ್ ಲ್ಯೂಬ್, ಡ್ರೈ ಲ್ಯೂಬ್, ಮೇಣ?

ಮಳೆಯಲ್ಲೂ ಸೈಕಲ್ ಬಿಡದವರಿಗೆ ವೆಟ್ ಲ್ಯೂಬ್ ಸರಿ. ಈ ದಪ್ಪ ಎಣ್ಣೆ ನೀರಿಗೆ ಬೇಗ ತೊಳೆದುಹೋಗುವುದಿಲ್ಲ. ಆದರೆ ದೂಳನ್ನು ಬರಸೆಳೆದು ಅಪ್ಪಿಕೊಳ್ಳುತ್ತದೆ. ಎಣ್ಣೆ, ಮರಳು ಸೇರಿದ ಆ ಕರಿ ಜಿಡ್ಡು ಚೈನಿನ ಕೊಂಡಿಗಳ ಪಿನ್ನು, ರೋಲರುಗಳನ್ನು ಉಜ್ಜುಕಾಗದದಂತೆ ಸವೆಸುತ್ತದೆ. ಆಗಾಗ ಡಿಗ್ರೀಸರ್ (ಜಿಡ್ಡು ತೆಗೆಯುವ ದ್ರವ), ಬ್ರಷ್ ಹಿಡಿದು ಕೂರುವ ತಾಳ್ಮೆ ಬೇಕು. ಪ್ಯಾಂಟಿನ ಅಂಚಿಗೆ ಹತ್ತುವ ಕಲೆ ಬೇರೆ.

ಒಣ ರಸ್ತೆಗೆ ಡ್ರೈ ಲ್ಯೂಬ್. ದ್ರಾವಕ ಆರಿ ತೆಳುಪದರವಷ್ಟೇ ಉಳಿಯುವುದರಿಂದ ಚೈನ್ ಹೆಚ್ಚು ಕಾಲ ಶುಭ್ರವಾಗಿರುತ್ತದೆ. ಜೋರು ಮಳೆ ಹೊಡೆದರೆ ಮತ್ತೆ ಹಚ್ಚಬೇಕು. ಹಚ್ಚಿದ ಕೂಡಲೇ ಹೊರಡದೆ ಕೆಲವು ಗಂಟೆ ಆರಲು ಬಿಡಿ.

ಕರಗಿಸಿದ ಮೇಣದಲ್ಲಿ ಅದ್ದಿದ ಚೈನ್ ಕೈಗೆ ಮಸಿ ಹತ್ತಿಸುವುದಿಲ್ಲ, ಸವೆತವೂ ಕಡಿಮೆ. ಆದರೆ ಮೊದಲಿಗೆ ಚೈನ್ ಬಿಚ್ಚಿ, ಕಾರ್ಖಾನೆಯ ಗ್ರೀಸನ್ನು ಪೂರ್ತಿ ತೆಗೆಯದಿದ್ದರೆ ಮೇಣ ನಿಲ್ಲುವುದಿಲ್ಲ. ಮಳೆಯಲ್ಲಿ ನೆನೆದ ಚೈನನ್ನು ಹಾಗೆಯೇ ಬಿಟ್ಟರೆ ತುಕ್ಕು ಖಚಿತ. ಇದು ಹವ್ಯಾಸಿಗಳ ದಾರಿ.

ದಿನಬಳಕೆಗೆ ನನ್ನ ಮತ ಡ್ರೈ ಲ್ಯೂಬಿಗೆ. ಮಳೆಗಾಲದಲ್ಲಿ ಮಾತ್ರ ವೆಟ್. ಬದಲಿಸುವಾಗ ಹಳೆಯದನ್ನು ಪೂರ್ತಿ ತೊಳೆಯಿರಿ. ಎರಡರಲ್ಲಿ ಯಾವುದೇ ಇರಲಿ, ಪ್ರತಿ ರೋಲರಿಗೂ ಒಂದೊಂದು ಹನಿ ಹಾಕಿ, ಪೆಡಲ್ ತಿರುಗಿಸಿ, ಹೊರಗಿನ ಹೆಚ್ಚುವರಿಯನ್ನು ಬಟ್ಟೆಯಿಂದ ಒರೆಸಿಬಿಡಿ. ಹೊರಮೈಗೆ ಎಣ್ಣೆ ಮೆತ್ತಿದರೆ ಲಾಭ ದೂಳಿಗೆ ಮಾತ್ರ.